ಚಿಗವ್ವನ ಕೌದಿಯ ಕರಿ ತುಂಡು

ಮಗಳ ಬಗ್ಗೆ ಯಾರೇ ಏನೇ ಕೇಳಲಿ, ನಮ್ಮ ಈರಮ್ಮ ಚಿಗವ್ವ ಉತ್ತರ ಕೊಡುತ್ತಿರಲಿಲ್ಲ. "ರೇಣಿ ಉಂಡಳೇನ?" ಎಂದರೆ, "ಆಕೀನ ಕೇಳ್ರಿ" ಎನ್ನುವಳು. ಕೇಳಿದವರಿಗೆ ಸಿಟ್ಟು ಬರುತ್ತಿತ್ತು. ಬಾರದೇನು ಮಾಡೀತು? ರೇಣಿಗೆ ಮಾತೇ ಬರುತ್ತಿರಲಿಲ್ಲ.

ಚಿಗವ್ವ ನಮ್ಮವ್ವನ ತಂಗಿ. ಮಾನ್ವಿ ಕಡೆಯ ಹಿರೇಕೊಟ್ನೆಕಲ್ಲಿನಲ್ಲಿ ಕುರಿ ಕಾಯುವವರ ಮನೆ. ಹುಟ್ಟಿದಾಗಿನಿಂದಲೂ ರೇಣಿಯ ಕೈಕಾಲು ಸೆಟೆದುಕೊಂಡಿದ್ದವು. ಬಾಯಿ ತೆರೆದರೆ ಬರೀ 'ಆ' 'ಊ'. ಎಡಗೈ ಮುಷ್ಟಿ ಒಂದೇ ಹೇಳಿದ ಮಾತು ಕೇಳುತ್ತಿತ್ತು. ರಾಯಚೂರಿನ ಡಾಕ್ಟರು ನೋಡಿ, ಬುದ್ಧಿ ಚೆನ್ನಾಗಿದೆ, ಮಾತು ಮಾತ್ರ ಬರಲಿಕ್ಕಿಲ್ಲ ಎಂದು ಹೇಳಿ ಕಳಿಸಿದರು. ಎಲ್ಲರೂ ಅತ್ತರು. ಚಿಗವ್ವ ಮಾತ್ರ ಬಸ್ಸಿನಲ್ಲೇ ಲೆಕ್ಕ ಹಾಕಿದ್ದಳು. "ಬುದ್ಧಿ ಅದ ಅಂದಮ್ಯಾಲ ಮಾತೂ ಒಳಗ ಇರ್ತಾವ. ಹೊರಗ ಬರಾಕ ದಾರಿ ಬೇಕಷ್ಟ."

ಆ ದಾರಿಯನ್ನು ಅವಳು ಹಳೇ ಬಟ್ಟೆ ತುಂಡುಗಳನ್ನು ಜೋಡಿಸಿದ ಕೌದಿಯಲ್ಲಿ ಹೊಲಿದಳು. ಅವಳ ಗಂಡ, ನಮ್ಮ ಕಾಕಾನ ಹಳೇ ರುಮಾಲಿನ ಕೆಂಪು ತುಂಡೆಂದರೆ ಅಪ್ಪ. ನೀಲಿ ನೀರು. ಹಸಿರು ಸೀರೆಯ ಚೂರು ಹೊರಗೆ ಹೋಗುವುದಕ್ಕೆ. ಹಳದಿ ಎಂದರೆ ಹೂಂ. ಕೌದಿ ಹಸಿದುಕೊಂಡಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಆ ಮೂಲೆ ರೇಣಿಯ ಹಸಿವಾಯಿತು. ಇನ್ನು ಕೈಗೆ ಹತ್ತಿರವಾಗಿ, ಎಡಕ್ಕೆ, ಕರಿ ಕಂಬಳಿಯ ತುಂಡು. ಅದು 'ಒಲ್ಲೆ'. ಕೌದಿಗೆ ಕಂಬಳಿ ಹಚ್ಚುವ ಹುಚ್ಚಿಯನ್ನು ಎಲ್ಲಾದರೂ ಕಂಡೀರಾ ಎಂದು ಓಣಿಯ ಹೆಂಗಸರು ನಕ್ಕರು. ನಗಲಿ. ಆರು ತಿಂಗಳಲ್ಲಿ ರೇಣಿ ಅದರ ಮೇಲೆ ಮುಷ್ಟಿ ಇಟ್ಟು ಅಪ್ಪನ ಹತ್ತಿರ ಜಗಳವನ್ನೂ ಕಾಯುತ್ತಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ನಾನು ಅಲ್ಲಿದ್ದೆ. ಆಗಷ್ಟೇ ಹೊಲಿಗೆ ಕಲಿತ ಸೊಕ್ಕು ಬೇರೆ. ಚಿಗವ್ವ ಮಾನ್ವಿ ಸಂತೆಗೆ ಹೋದಾಗ ಕೌದಿ ನೋಡಿದರೆ, ಕಂಬಳಿ ತುಂಡು ಸವೆದು ತೂತು ಬಿದ್ದಿದೆ. ಯಾವ ತುಂಡು ಯಾವ ಮಾತೆಂದು ಕೇಳಿ ತಿಳಿಯದೆ ಅದರ ಮೇಲೆ ಚೆಂದದ ಹೂವಿನ ಬಟ್ಟೆ ಹಚ್ಚಿ ಹೊಲಿದೆ. ಆಮೇಲೆ ರೇಣಿಗೆ ಉಣಿಸಲು ಕೂತೆ. ಅವಳು ಹೂವಿನ ಮೇಲೆ ಬಡಿದಳು. ಹೂವು ಹಿಡಿಸಿತೆಂದು ಹಿಗ್ಗಿ ಇನ್ನೊಂದು ತುತ್ತಿಟ್ಟೆ. ಬಡಿದಳು. ಮತ್ತೊಂದು ತುತ್ತು. ಉಂಡಿದ್ದೆಲ್ಲ ಕಾರಿಕೊಂಡು ಅಳತೊಡಗಿದವಳು ಸಂಜೆಯವರೆಗೂ ನಿಲ್ಲಿಸಲಿಲ್ಲ. ಎಂಥಾ ದಡ್ಡಿ ನಾನು!

ಚಿಗವ್ವ ಬಂದವಳೇ ನೋಡಿದಳು. ಬಯ್ಯಲಿಲ್ಲ. ಬ್ಲೇಡು ತಂದು ಹೂವನ್ನು ಬಿಚ್ಚಿದಳು. "ಹಸಿವು ಹೇಳಾಕ ಬಾಯಿ ಇಲ್ದಿದ್ರ ಒಂದಿನ ತಡ್ಕೋಬಹುದು. ಒಲ್ಲೆ ಅನ್ನಾಕ ಬಾಯಿ ಇಲ್ದಿದ್ರ ಹೆಂಗ ಬದುಕೂದವ್ವಾ?" ಎಂದಳು. ಎರಡು ಏಟು ಹಾಕಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಮುಂದಿನ ವರ್ಷ ಸಾಲಿ ಶುರುವಾಗುವಾಗ ರೇಣಿಯನ್ನು ಸೇರಿಸಲು ಹೋದೆವು. ಚಿಗವ್ವನ ಟೊಂಕದ ಮೇಲೆ ರೇಣಿ, ನನ್ನ ಹೆಗಲ ಮೇಲೆ ಕೌದಿ. ಅದು ಮೂರನೇ ಸಲ. ಉತ್ತರ ಹೇಳಲಾರದ ಹುಡುಗಿಯ ಹೆಸರು ಹಚ್ಚಿಕೊಂಡು ಏನು ಮಾಡಲಿ ಎಂದು ಹೆಡ್ ಮಾಸ್ತರರು ಎರಡು ಸಲ ವಾಪಸು ಕಳಿಸಿದ್ದರು. ಈ ಸಲ ಕೌದಿ ಹಾಸಿದೆವು. ತಾಯಿಯೇ ಕಣ್ಸನ್ನೆ ಮಾಡುತ್ತಾಳೆಂದು ಅವರಿಗೆ ಅನುಮಾನ. ಚಿಗವ್ವ ತಾನಾಗಿಯೇ ಎದ್ದು ಹೊರಗೆ ಹೋಗಿ ಬೆನ್ನು ಮಾಡಿ ನಿಂತಳು.

ಅವರು ಒಂದೊಂದೇ ಕೇಳಿದರು. ನಿಮ್ಮಪ್ಪ ಕುರಿ ಕಾಯುತ್ತಾನೇನು? ಹಳದಿ. ಕುರಿಗೆ ಆರು ಕಾಲೇನು? ಕರಿ. ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ, "ಸಾಕಾತು, ಇನ್ನ ಮನಿಗೆ ಹೋಗ್ತೀಯೇನವ್ವಾ?" ಎಂದರು. ರೇಣಿ ಕರಿ ತುಂಡಿನ ಮೇಲೆ ಮುಷ್ಟಿ ಬಡಿದಳು. ಒಂದಲ್ಲ, ಮೂರು ಸಲ, ಧೂಳು ಏಳುವ ಹಾಗೆ. ಮಾಸ್ತರರು ನಕ್ಕು ಹಾಜರಿ ಪುಸ್ತಕ ತೆಗೆದರು.

ಯಾವತ್ತೂ ಜಂಬ ಕೊಚ್ಚದ ಚಿಗವ್ವ ಅಂದು ದಾರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, "ನನ್ನ ಮಗಳು ಹೆಡ್ ಮಾಸ್ತರಗ ಒಲ್ಲೆ ಅಂದ್ಳು" ಎಂದು ಹೇಳಿದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಂಟು ದಿನದ ಜ್ವರದಲ್ಲಿ ಚಿಗವ್ವ ಹೋದಳು. ನಾನು ದೇವದುರ್ಗದ ಗಂಡನ ಮನೆಯಿಂದ ಬರುವಷ್ಟರಲ್ಲಿ ಎತ್ತುವ ತಯಾರಿ ನಡೆದಿತ್ತು. ಕೊನೆಗೆ ಮಲಗಿದ್ದು ಅದೇ ಕೌದಿಯ ಮೇಲಂತೆ. ಸತ್ತವರ ಹಾಸಿಗೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಅವಳ ಕೈಕೆಲಸ ಅವಳ ಜೊತೆಗೇ ಹೋಗಲಿ ಎಂದು ಹಿರಿಯರು ಮಾತಾಡಿಕೊಂಡರು. ಎಲ್ಲರಿಗೂ ಸರಿ ಎನ್ನಿಸಿತು. ಓದಿದವಳೆಂದು ಕಾಕಾನ ಅಣ್ಣ ನನ್ನನ್ನೂ ಒಂದು ಮಾತು ಕೇಳಿದ.

"ಆಕೀನ ಕೇಳ್ರಿ" ಎಂದೆ.

ಆ ಮುದುಕ ಮೊಣಕಾಲೂರಿ ರೇಣಿಯ ಮುಂದೆ ಕೌದಿ ಹಾಸಿದ. "ಯವ್ವಾ, ಇದನ್ನ ನಿಮ್ಮವ್ವನ ಸಂಗಾಟ ಕಳಿಸೂಣೇನು?"

ರೇಣಿ ಅಳುತ್ತಲೇ ಮುಷ್ಟಿ ಎತ್ತಿ ಕರಿ ತುಂಡಿನ ಮೇಲೆ ಇಟ್ಟಳು. ಅಲ್ಲಿಂದ ತೆಗೆಯಲೇ ಇಲ್ಲ. ಚಿಗವ್ವನಿಗೆ ಬೇರೆ ಕಂಬಳಿ ತಂದು ಹೊದಿಸಿದರು.