ಚಕ್ರವರ್ತಿಯ ಪ್ರಸಾದ

ಪ್ರಾಚೀನ ರೋಮಿನ ಹುಚ್ಚು ನನಗೆ ಹತ್ತಿದ್ದು ಗೆಳತಿಯ ದೆಸೆಯಿಂದ. ಅವರು ಮಂಗಳೂರಿನ ಕ್ಯಾಥೊಲಿಕ್, ನಾನು ಮೈಸೂರಿನ ಪೂಜೆ ಪುನಸ್ಕಾರದ ಮನೆಯವಳು. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಪ್ರಿನ್ಸ್‌ಟನ್ನಿನ ಲೈಬ್ರರಿಯಲ್ಲಿ ನಿವೃತ್ತ ಪ್ರೊಫೆಸರೊಬ್ಬರು ಉಪನ್ಯಾಸ ಕೊಡುತ್ತಾರೆಂದು ಅವರೇ ನನ್ನನ್ನು ಎಳೆದುಕೊಂಡು ಹೋಗಿದ್ದು. ಸೆನೆಟ್ಟಿನ ಒಳಜಗಳ, ಪುಕ್ಕಟೆ ಗೋಧಿ ಹಂಚಿ ಜನರ ಬಾಯಿ ಮುಚ್ಚಿಸುವ ನಾಯಕರು, ಎಲ್ಲ ನಮ್ಮೂರಿನ ಸುದ್ದಿಯ ಹಾಗೇ ಇತ್ತು. ನಾನು ಖುಷಿಯಾಗಿ ಕೇಳುತ್ತಿದ್ದೆ.

ಒಂದು ಮಧ್ಯಾಹ್ನ ಪ್ರೊಫೆಸರು ಕ್ರೈಸ್ತರ ವಿಷಯಕ್ಕೆ ಬಂದರು. ಒಬ್ಬ ಚಕ್ರವರ್ತಿ ಆಜ್ಞೆ ಹೊರಡಿಸಿದನಂತೆ. ಪ್ರಜೆಗಳೆಲ್ಲ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ, ಅದರದೊಂದು ತುಣುಕನ್ನು ಅಧಿಕಾರಿಗಳೆದುರೇ ತಿನ್ನಬೇಕು. ಯಾರು ಏನು ನಂಬುತ್ತಾರೆ ಎಂದು ಅಧಿಕಾರಿಗಳು ಕೇಳುತ್ತಿರಲಿಲ್ಲ. ಊರಿನವರ ಜೊತೆ ಒಂದಾಗಿದ್ದರೆ ಸಾಕಿತ್ತು. ಒಲ್ಲೆ ಎಂದ ಕ್ರೈಸ್ತರು ಜೈಲಿಗೆ ಹೋದರು, ಕೆಲವರು ಸತ್ತರು. ಹೆದರಿ ತಿಂದವರಿಗೆ ಅವರ ಜನರೇ ಜಾರಿಬಿದ್ದವರು ಎಂದು ಹೆಸರಿಟ್ಟರು. ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ದೊಡ್ಡ ಜಗಳವೇ ಆಯಿತಂತೆ.

ನಾನು ಗೆಳತಿಯ ಕಿವಿಯಲ್ಲಿ, "ಒಂದು ಚೂರು ಪ್ರಸಾದ ಬಾಯಿಗೆ ಹಾಕ್ಕೊಂಡಿದ್ರೆ ಆಗ್ತಿತ್ತಪ್ಪ, ಅಷ್ಟಕ್ಕೆಲ್ಲಾ ಜೀವ ಬಿಡೋದಾ?" ಎಂದೆ. ಅವರು ನಗಲಿಲ್ಲ.

ವಾಪಸು ಬರುವಾಗ ರೂಟ್ ಒನ್ ಹೆದ್ದಾರಿಯಲ್ಲಿ ಸಿಗ್ನಲ್ ಬಿತ್ತು. ಸ್ಟಿಯರಿಂಗ್ ಹಿಡಿದಿದ್ದ ಗೆಳತಿ ನನ್ನ ಕಡೆ ನೋಡದೆಯೇ ಹೇಳಿದರು: "ನಿಮ್ಮ ಸತ್ಯನಾರಾಯಣ ಪೂಜೆಯ ಸಜ್ಜಿಗೆ ತಿಂದಾಗೆಲ್ಲ ನಾನು ಚರ್ಚಿಗೆ ಹೋಗಿ ಕನ್ಫೆಶನ್ ಮಾಡ್ತೇನೆ."

ಮಡಿಯುಟ್ಟು, ಧಾರಾಳವಾಗಿ ತುಪ್ಪ ಸುರಿದು, ಬಾಳೆಹಣ್ಣು ಹಾಕಿ ಮಾಡುವ ನನ್ನ ಸಜ್ಜಿಗೆ, ಪಾದ್ರಿಯ ಮುಂದೆ ಮಂಡಿಯೂರಿ ಒಪ್ಪಿಕೊಳ್ಳಬೇಕಾದ ಪಾಪವೇ? ನಮ್ಮ ಕ್ಯಾಥೊಲಿಕರೆಲ್ಲ ಹಾಗೆ ಮಾಡುವುದಿಲ್ಲ, ನನ್ನ ಗಂಡನಂತೂ ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಾರೆ, ನನ್ನ ಮನಸ್ಸೇ ಒಪ್ಪುವುದಿಲ್ಲ ಎಂದು ಅವರು ಮೆತ್ತಗೆ ಸಮಜಾಯಿಷಿ ಕೊಡುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅಧಿಕಾರ ಕೈಗೆ ಬಂದ ಮೇಲೆ ನಿಮ್ಮವರೂ ರೋಮಿನ ಗುಡಿಗಳ ಬಾಗಿಲು ಹಾಕಿಸಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಹಾಗಾದರೆ ಯಾಕೆ ತಿಂದಿರಿ ಎಂದು ಕೇಳಿದೆ.

"ಪೂಜೆಯಲ್ಲಿ ಪ್ರಸಾದ ಬಿಟ್ಟು ಓಡಿದವಳ ಗಂಡನ ಹಡಗು ಮುಳುಗಿದ ಕತೆ ಓದಿ ಮುಗಿಸಿ, ನೀವು ಸೀದಾ ನನ್ನ ಹತ್ರವೇ ತರ್ತೀರಿ ಮಾರಾಯ್ರೆ. ಬೇಡ ಹೇಳಿದ್ರೆ ನಿಮ್ಮನ್ನೇ ಬೇಡ ಹೇಳಿದ ಹಾಗೆ ಆಗ್ತದೆ."

ಅವರು ಕೈ ಒಡ್ಡುವವರೆಗೂ ಬಿಡದೆ ನಿಂತು, ಚೂರೇ ಚೂರು ಎಂದು ಬಲವಂತ ಮಾಡುವವಳು ನಾನೇ. ರೋಮಿನ ಆ ಅಧಿಕಾರಿಯೂ ಹೀಗೇ ನಗುನಗುತ್ತ ಉಪಚಾರ ಮಾಡಿರಬಹುದು ಎನ್ನಿಸಿತು.

ಮುಂದಿನ ಪೂಜೆಯ ಹುಣ್ಣಿಮೆ ಹತ್ತಿರ ಬಂದಂತೆ ನನಗೆ ಸಂಕಟ ಶುರುವಾಯಿತು. ಪೂಜೆಗೆ ಕರೆದರೆ ಅವರಿಗೆ ಪಾಪ, ಕರೆಯದಿದ್ದರೆ ನಮ್ಮ ಸ್ನೇಹ ಅಲ್ಲಿಗೇ ಮುಗಿದ ಹಾಗೆ. ಕರೆದೆ. ಸಜ್ಜಿಗೆ ಒಲೆಯಿಂದ ಇಳಿದ ಕೂಡಲೇ, ದೇವರ ಮುಂದೆ ಇಡುವ ಮೊದಲೇ, ಒಂದು ಬಟ್ಟಲು ಬೇರೆ ತೆಗೆದಿಟ್ಟೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವುದಿರಲಿ, ಮೂಸುವುದೂ ನಮ್ಮ ಮನೆಯಲ್ಲಿ ಅಪಚಾರ.

ಮಂಗಳಾರತಿಯಾದ ಮೇಲೆ ಅವರನ್ನು ಅಡುಗೆಮನೆಗೆ ಕರೆದು, ಬಟ್ಟಲು ಬಿಸಿ ಮಾಡಿ ಕೈಗಿಟ್ಟೆ. ಇದು ಪ್ರಸಾದವಲ್ಲ, ನಿಮಗೆಂದು ಮೊದಲೇ ತೆಗೆದಿಟ್ಟದ್ದು, ಬರೀ ಸಜ್ಜಿಗೆ ಎಂದೆ. ನಮ್ಮ ಮನೆಯ ಮಡಿ ಮೈಲಿಗೆ ಬಲ್ಲ ಹೆಂಗಸು ಅವರು.

"ದೇವರಿಗಿಂತ ಮೊದಲು ನನಗಾ? ನಿಮಗೆ ಪಾಪ ಅಲ್ವಾ ಅದು? ನಿಮ್ಮಲ್ಲಿ ಕನ್ಫೆಶನ್ ಕೂಡ ಇಲ್ಲ."

"ಪಾಪಾನೇ," ಎಂದೆ. "ತಿನ್ನಿ, ತಣ್ಣಗಾಗತ್ತೆ."