ಎಣ್ಣೆ ತೊಳೆದ ತಲೆಗಳು

ಚಿಲಕ ಸರಿದ ಸಣ್ಣ ಸದ್ದು. ಗಂಟೆ ನಾಲ್ಕೂವರೆ, ಮೊಳಕಾಲ್ಮೂರಿನ ಈ ಓಣಿಗೆ ಇನ್ನೂ ರಾತ್ರಿ. ನೆರೆಯವರು ಏಳುವ ಮೊದಲೇ ವೀರಮ್ಮ ಬಾಗಿಲು ತೆರೆದು ತಬಸ್ಸುಮ್ ಅವರನ್ನು ಒಳಗೆ ಕರೆದುಕೊಳ್ಳುತ್ತಾರೆ. ಬಚ್ಚಲಲ್ಲಿ ಬಿಸಿನೀರು ಕಾದಿದೆ. ಮಗಳು ಸ್ವಪ್ನಳ ನೆತ್ತಿಯಿಂದ ಹರಳೆಣ್ಣೆ ಇಳಿಯುತ್ತಿದೆ.

"ಎಣ್ಣೆ ಹಚ್ಚಬ್ಯಾಡ್ರಿ ಅಂದಿದ್ನಲ್ಲವ್ವ!" ಎನ್ನುತ್ತಾರೆ ತಬಸ್ಸುಮ್.

"ತಲೆ ಪರೀಕ್ಷೆ ಅಲ್ವೇನಮ್ಮ, ತಂಪಿರ್ಲಿ ಅಂತ ಹಚ್ಚಿದೆ. ಪಕ್ಕದ ಮನೆಯೋಳು ಯಾರು ಬರೋದು ಅಂದ್ಲು. ಹೇನು ತೆಗೆಯೋಳು ಅಂದೆ."

"ಓ, ಅದಕ್ಕೇ ಆಯಮ್ಮ ಹೋದ್ಸಲ ನಮ್ಮನೆಗೂ ಬಾ ಅಂತ ಕರೆದಿದ್ದು!"

ಸ್ವಪ್ನಳೂ ನಗುತ್ತಾಳೆ.

ಚಳ್ಳಕೆರೆಯ ತಬಸ್ಸುಮ್ (ಎಲ್ಲರ ಹೆಸರನ್ನೂ ಬದಲಿಸಲಾಗಿದೆ) ಹದಿನಾಲ್ಕು ವರ್ಷ ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆದವರು. ಈಗ ಮನೋರೋಗ ಸಂಶೋಧನೆಯೊಂದರ ಸಹಾಯಕಿ. ರೋಗಿಗೆ ಮೂವತ್ತೆರಡು ಬಿಲ್ಲೆಗಳ ಟೋಪಿ ತೊಡಿಸಿ, ಮಿದುಳಿನ ಸೂಕ್ಷ್ಮ ವಿದ್ಯುತ್ತನ್ನು ಇಪ್ಪತ್ತು ನಿಮಿಷ ದಾಖಲಿಸಿ ವೈದ್ಯರಿಗೆ ಕಳಿಸುತ್ತಾರೆ. ಕಂಪ್ಯೂಟರು ಅದರಿಂದ ಆ ಒಬ್ಬರದೇ ಮಿದುಳಿನ ಮಾದರಿ ಕಟ್ಟುತ್ತದೆ. ಯಾವ ಮಾತ್ರೆ ಒಗ್ಗೀತು ಎಂದು ವೈದ್ಯರು ಮೊದಲು ಆ ಮಾದರಿಯಲ್ಲಿ ನೋಡುತ್ತಾರೆ. ಕೂದಲಲ್ಲಿ ಎಣ್ಣೆಯ ಪಸೆ ಉಳಿದರೆ ದಾಖಲೆ ಕೆಟ್ಟಂತೆ. ಈ ಕೆಲಸದಲ್ಲಿ ಇದುವರೆಗೆ ಅವರು ತೊಳೆದ ತಲೆಗಳು ನಾನೂರು.

ಹೋದ ತಿಂಗಳು ಸ್ವಪ್ನ ಟೋಪಿಗೆ ಹೆದರಿ ಅತ್ತಳು. "ನೋಡವ್ವ, ನಂಗೇನಾದ್ರೂ ಆತಾ?" ಎಂದು ತಬಸ್ಸುಮ್ ತಾವೇ ತೊಟ್ಟು, ಯಂತ್ರ ಓಡಿಸಿ ತೋರಿಸಿದರು. ಕಳಿಸುವಾಗ ತಪ್ಪಿ ತಮ್ಮ ಆ ದಾಖಲೆಯೇ ಸ್ವಪ್ನಳ ಹೆಸರಿನಲ್ಲಿ ಹೋಯಿತು. ಮಾತ್ರೆ ಬದಲಾಯಿತು. ಹುಡುಗಿ ಆರು ದಿನ ಕಣ್ಣು ತೆರೆಯಲಾರದೆ ಮಲಗಿದಳು.

ಸುದ್ದಿ ಕೇಳಿ ತಬಸ್ಸುಮ್ ದಾಖಲೆಗಳನ್ನು ತೆರೆದಾಗ ತಪ್ಪು ಕಂಡಿತು. ಅಂದೇ ವೈದ್ಯರಿಗೆ ಹೇಳಿದರು, ಹಳೆಯ ಮಾತ್ರೆ ಮರಳಿತು. ಆಮೇಲೆ ವೀರಮ್ಮನ ಮುಂದೆ ಬಂದು ನಿಂತರು. "ಮುಖ ಎತ್ತಾಕೆ ಆಗ್ಲಿಲ್ಲ ನಂಗೆ. ಆ ತಾಯಿ ಬೈಲಿಲ್ಲ. ನೀರು ಕಾಯಿಸ್ತೀನಿ, ಇನ್ನೊಂದ್ಸಲ ತೊಳಿ ಅಂದ್ರು." ಇವತ್ತಿನದು ಆ ಇನ್ನೊಂದು ಸಲ. ಟೋಪಿ ತೊಡಿಸುವ ಮುನ್ನ ಸ್ವಪ್ನಳ ಹೆಸರನ್ನು ಮೂರು ಬಾರಿ ಓದಿಕೊಳ್ಳುತ್ತಾರೆ.

ವೈದ್ಯರು ಅಂದು ಇನ್ನೊಂದು ಮಾತು ಹೇಳಿದ್ದರು: "ಆ ದಾಖಲೆ ನಿಮ್ಮದಾದ್ರೆ, ಅದ್ರಲ್ಲಿ ಏರುಪೇರು ಕಾಣ್ತಿದೆ, ನೀವೂ ಒಮ್ಮೆ ಬಂದು ತೋರಿಸ್ಕೊಳ್ಳಿ." ತಬಸ್ಸುಮ್ ಅವರಿಗೆ ಎಂಟು ತಿಂಗಳಿಂದ ನಿದ್ದೆಯಿಲ್ಲ, ಅಡುಗೆಮನೆಯಲ್ಲಿ ಕಾರಣವಿಲ್ಲದೆ ಕಣ್ಣೀರು. ಅವರಿಗೆ ಅದು ಗೊತ್ತಿತ್ತು, ಹೆಸರಿಟ್ಟಿರಲಿಲ್ಲ.

"ನಾಕ್ನೂರು ಮನೇಲಿ ನಾಚ್ಕೋಬ್ಯಾಡ್ರಿ ಅಂದ ಬಾಯಿದು. ನಂದು ಅಂದಾಗ ಬಾಯೇ ಬರ್ತಿಲ್ಲ ನೋಡ್ರಿ," ಎನ್ನುತ್ತಾರೆ ತಬಸ್ಸುಮ್, ಚಳ್ಳಕೆರೆ ಬಸ್ಸಿಗೆ ಕಾಯುತ್ತ. "ಸೋಮವಾರ ಡಾಕ್ಟ್ರ ಹತ್ರ ಹೋಗ್ತೀನಿ. ಮನೆಯೋರಿಗೆ ಟ್ರೈನಿಂಗ್ ಐತೆ ಅಂತೀನಿ. ಗಂಡಂಗೂ ಹೇಳಲ್ಲ, ಯಾರಿಗೂ ಹೇಳಲ್ಲ."