ನನ್ನನ್ನು ನೋಡಿ ಹೆದರಿದ್ದಕ್ಕೆ ಕಟ್ಟಿಸಿದ ನೂಲು

ಮಸ್ಕತ್ತಿನಿಂದ ಐದು ಗಂಟೆಯ ದಾರಿ ಒಳಗೆ, ಮರಳಿನ ಮಧ್ಯದ ಒಂದು ಕ್ಯಾಂಪಿನಲ್ಲಿ ನಾನು ಏಸಿ ರಿಪೇರಿ ಮಾಡುದು. ಬೇರೆಯವರ ರೂಮು ತಂಪು ಮಾಡ್ಲಿಕ್ಕೆ ಹೊರಗೆ ಬಿಸಿಲಲ್ಲಿ ನಿಂತು ಬೇಯುವ ಕೆಲಸ. ಅಲ್ಲಿಗೆ ಹೋಗುವಾಗ ಮಗಳಿಗೆ ನಾಲ್ಕು ತಿಂಗಳು. ಮತ್ತೆ ಮೂರು ವರ್ಷ ರಜೆ ಇಲ್ಲ. ಹಾಗಾಗಿ ಅವಳಿಗೆ ನಾನು ಅಂದ್ರೆ ಮೊಬೈಲು. ದಿನಾ ಸಂಜೆ ನನ್ನ ಹೆಂಡತಿ ಕಾಲ್ ಮಾಡಿ ಮೊಬೈಲನ್ನು ಚೆಂಬಿಗೆ ಒರಗಿಸಿ ಇಡುದು, ಮಗಳು ನನ್ನ ಮುಖ ನೋಡಿಕೊಂಡು ಅನ್ನ ಉಣ್ಣುದು. ನಾನಿಲ್ಲದಿದ್ರೆ ಗಂಟಲಲ್ಲಿ ಇಳಿಯುದಿಲ್ಲವಂತೆ. ಕ್ಯಾಂಪಿನಲ್ಲಿ ಎಲ್ಲರಿಗೂ ಇದನ್ನು ಹೇಳಿ ಹೇಳಿ ಅವರ ತಲೆ ತಿಂದಿದ್ದೆ.

ಈ ಸಲ ಮೂವತ್ತು ದಿನ ರಜೆ ಸಿಕ್ಕಿತು. ನನಗೆ ಬೇಕಾದದ್ದು ಒಂದೇ. ಅವಳನ್ನು ಎತ್ತಿಕೊಳ್ಳಬೇಕು. ಅಷ್ಟೇ. ಅದಕ್ಕೆ ಮೂವತ್ತು ದಿನ ಯಾಕೆ, ಮೂವತ್ತು ಸೆಕೆಂಡ್ ಸಾಕು ಅಂತ ಅಂದಾಜು ಮಾಡಿದ್ದೆ. ನನ್ನ ಅಂದಾಜು ಯಾವತ್ತೂ ಹಾಗೆಯೇ.

ಬರುದನ್ನು ಮನೆಯಲ್ಲಿ ಹೇಳಲಿಲ್ಲ. ಸರ್‌ಪ್ರೈಸ್! ಮಂಗಳೂರಿನಲ್ಲಿ ಇಳಿದು ಪುತ್ತೂರಿನ ಬಸ್ಸು ಹತ್ತಿದೆ. ಪುತ್ತೂರು ಸ್ಟ್ಯಾಂಡಿನಲ್ಲಿ ಕಡಬದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆ ಸುಮ್ಮನೆ ಕೂತು ಒಂದು ಸೋಡಾ ಕುಡಿದಿದ್ರೆ ಈ ಕಥೆಯೇ ಇರ್ತಿರ್ಲಿಲ್ಲ. ಆದ್ರೆ ಎದುರಿಗೆ ಸೆಲೂನ್ ಕಂಡಿತು. ಮೂರು ವರ್ಷದಿಂದ ಎದೆವರೆಗೆ ಗಡ್ಡ ಬಿಟ್ಟಿದ್ದೆ.

"ಗಡ್ಡ ಪೂರ್ತಿ ತೆಗಿಯುದಾ?" ಕೇಳಿದ ಕ್ಷೌರದವ.

"ಪೂರ್ತಿ. ಮೀಸೆ ಕೂಡ. ಮದುವೆ ದಿನದ ಮುಖ ಬೇಕು."

ಅವ ನನ್ನ ತಲೆ ಒಮ್ಮೆ ನೋಡಿ, "ಮುಖ ಕೊಡ್ತೇನೆ. ಕೂದಲು ಮದುವೆ ದಿನದ್ದು ಬರ್ಲಿಕ್ಕಿಲ್ಲ" ಅಂದ.

ರಾಮಕುಂಜ ದಾಟಿ ಬಸ್ಸಿಳಿದು, ಸೂಟ್‌ಕೇಸನ್ನು ಗೇಟಿನ ಹತ್ತಿರ ಬಿಟ್ಟು, ಹಿಂದಿನ ರಬ್ಬರ್ ಗುಡ್ಡೆಯಿಂದ ಕಳ್ಳನ ಹಾಗೆ ಇಳಿದೆ. ಮಗಳು ಜಗಲಿ ಮೆಟ್ಟಿಲಲ್ಲಿ ನನಗೆ ಬೆನ್ನು ಹಾಕಿ ಕೂತು ಹುಣಸೆಬೀಜ ಜೋಡಿಸುತ್ತಾ ಇದ್ದಳು. ಮೊಬೈಲಿನಲ್ಲಿ ಬರೇ ಮುಖ ಕಾಣುದಲ್ಲವಾ, ಅವಳಿಗೆ ಅಷ್ಟು ಪುಟ್ಟ ಬೆನ್ನು ಉಂಟೆಂದು ನನಗೆ ಗೊತ್ತೇ ಇರಲಿಲ್ಲ. ಹಿಂದಿನಿಂದ ಹೋಗಿ ಎರಡೂ ಕಣ್ಣು ಮುಚ್ಚಿದೆ. "ಯಾರು ಹೇಳು!" ಅಂದೆ. ಉತ್ತರಕ್ಕೂ ಕಾಯದೆ ಎತ್ತಿ ಮೇಲಕ್ಕೆ ಹಾರಿಸಿದೆ. ಹಿಡಿದೆ. ಪುನಃ ಹಾರಿಸಿದೆ.

ಎರಡನೇ ಸಲ ಕೈಗೆ ಬರುವಾಗ ಅವಳ ಉಸಿರು ನಿಂತಿತ್ತು. ಬಾಯಿ ತೆರೆದದ್ದು ಹಾಗೆಯೇ, ಸ್ವರ ಇಲ್ಲ. ಮತ್ತೆ ಬಂತು ನೋಡಿ ಬೊಬ್ಬೆ, ಅದು ನೆಟ್ಟಣ ಸ್ಟೇಷನ್ನಿಗೆ ಕೇಳಿ ರೈಲು ನಿಂತಿರಬಹುದು. ಅಮ್ಮ ಒಳಗಿಂದ ಕತ್ತಿ ಹಿಡಿದುಕೊಂಡೇ ಓಡಿ ಬಂದರು.

"ಬಿಡು ಮಗುವನ್ನು! ಕಡಿದು ಹಾಕ್ತೇನೆ!"

"ಅಮ್ಮಾ, ನಾನು!"

ಅಮ್ಮ ಕತ್ತಿ ಕೆಳಗಿಳಿಸಲಿಲ್ಲ. ಹೆತ್ತ ಅಮ್ಮನಿಗೇ ಹತ್ತು ಸೆಕೆಂಡ್ ಬೇಕಾಯಿತು. "ಅಯ್ಯೋ ನೀನಾ! ಇದೆಂತ ಸಿಪ್ಪೆ ತೆಗೆದ ಗೆಣಸಿನ ಹಾಗೆ ಬಂದದ್ದು?"

ಮಗಳು ಅಮ್ಮನ ಸೆರಗಿನೊಳಗೆ ನುಗ್ಗಿದಳು. ಅಲ್ಲಿಂದ ಹೊರಗೆ ಬಂದದ್ದು ಮರುದಿನ.

ಮೊದಲ ನಾಲ್ಕು ದಿನ ನಾನು ಹೇಳಿಕೊಂಡದ್ದು, ಇವತ್ತು ಸರಿ ಆಗ್ತದೆ, ನಾಳೆ ಸರಿ ಆಗ್ತದೆ. ಚಾಕಲೇಟು ಹಿಡಿದು ಮೊಣಕಾಲಲ್ಲಿ ಹೋದೆ, ಆನೆ ಆದೆ, ಮಂಗ ಆದೆ. ಮಂಗ ಆಗ್ಲಿಕ್ಕೆ ಕಷ್ಟ ಪಡಬೇಕಾಗಿಯೂ ಇರಲಿಲ್ಲ. ನನ್ನ ನೆರಳು ಬಿದ್ದರೆ ಸಾಕು, ಅವಳು ಗೋಡೆಗೆ ಅಂಟಿಕೊಳ್ಳುದು. ನಿದ್ದೆಯಲ್ಲಿ ಬೆಚ್ಚುದು, ತಿಂದದ್ದನ್ನು ಕಕ್ಕುದು. ನಮ್ಮ ಕಡೆ ಮಕ್ಕಳು ಹೀಗೆ ಹೆದರಿದ್ರೆ ನೂಲು ಕಟ್ಟಿಸುದು ವಾಡಿಕೆ. ಸುಳ್ಯ ರಸ್ತೆಯಲ್ಲಿ ಒಬ್ಬರು ಅಜ್ಜ ಕಪ್ಪು ನೂಲು ಮಂತ್ರಿಸಿ ಕೊಡ್ತಾರೆ. ಅವರಲ್ಲಿಗೆ ಹೋಗುವ ಅಂತ ಅಮ್ಮ ಹೊರಟರು.

ಮಗಳನ್ನು ಎತ್ತಿಕೊಂಡು ಅಮ್ಮ, ಹೆಂಡತಿ ಆಟೋದಲ್ಲಿ. ನಾನು ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹಿಂದಿನಿಂದ. ಆಟೋದ ಹಿಂದೆ ಒಂದು ಪ್ಲಾಸ್ಟಿಕ್ ಕಿಟಕಿ ಇರ್ತದಲ್ಲ, ಮಗಳು ಅದರಲ್ಲಿ ನನ್ನನ್ನು ಕಂಡು ದಾರಿ ಇಡೀ ಅಳು. ಆಟೋದವ ತಡೆಯದೆ ಬದಿಗೆ ನಿಲ್ಲಿಸಿದ. "ನೀವು ಒಂದಾ ಮುಂದೆ ಹೋಗಿ, ಇಲ್ಲದಿದ್ರೆ ಕಾಣದಷ್ಟು ಹಿಂದೆ ಬನ್ನಿ ಮಾರಾಯ್ರೆ. ಜನ ನಾನು ಮಗುವನ್ನು ಕದ್ದುಕೊಂಡು ಹೋಗುದು ಅಂತ ನೋಡ್ತಾರೆ." ನಾನು ಮುಂದೆ ಹೋದೆ. ಎಷ್ಟು ಮುಂದೆ ಅಂದ್ರೆ ತಿರುಗುವ ಜಾಗ ತಪ್ಪಿ, ವಿಚಾರಿಸಿ ವಾಪಸ್ ಬರುವಾಗ ಅವರೆಲ್ಲ ಅಜ್ಜನ ಜಗಲಿಯಲ್ಲಿ ಕೂತಾಗಿತ್ತು.

ಅಜ್ಜ ಕೇಳಿದರು, "ಎಂತ ನೋಡಿ ಹೆದರಿದ್ದು? ನಾಯಿಯಾ, ದನವಾ?"

ಅಮ್ಮ, ಹೆಂಡತಿ ಇಬ್ಬರೂ ನಿಧಾನಕ್ಕೆ ಅಂಗಳದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ಇವನಾ? ಇವ ಯಾರು?"

"ಮಗುವಿನ ಅಪ್ಪ" ಅಂದರು ಅಮ್ಮ, ಯಾರದೋ ತಪ್ಪು ಒಪ್ಪಿಕೊಳ್ಳುವ ಹಾಗೆ.

ಅಜ್ಜ ನೂಲಿಗೆ ಗಂಟು ಹಾಕುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹೆದರಿಸಿದ್ದು ಕಣ್ಣೆದುರು ಇದ್ರೆ ನೂಲು ಹಿಡಿಯುದಿಲ್ಲ. ನಾಯಿ ಆದ್ರೆ ಮೂರು ದಿನ ಕಟ್ಟಿ ಹಾಕ್ಲಿಕ್ಕೆ ಹೇಳ್ತೇನೆ. ಇವನನ್ನು..." ಸ್ವಲ್ಪ ಯೋಚನೆ ಮಾಡಿದರು. "ಇವನನ್ನೂ ಮೂರು ದಿನ ದೂರ ಇಡಿ."

ಮರಳಿನಲ್ಲಿ ಮೂರು ವರ್ಷ ದೂರ ಇದ್ದವನಿಗೆ ಇನ್ನೂ ಮೂರು ದಿನ! ನಾನು ಬಾಯಿ ತೆರೆದೆ. ಅಮ್ಮ ಕಣ್ಣು ಬಿಟ್ಟರು. ಬಾಯಿ ಮುಚ್ಚಿದೆ.

ಮನೆ ಹಿಂದೆ ರಬ್ಬರ್ ಶೀಟು ಒಣಗಿಸುವ ಹೊಗೆಕೋಣೆ ಉಂಟು. ಆಗ ಅದರಲ್ಲಿ ಶೀಟು ಇರಲಿಲ್ಲ. ಶೀಟಿನ ಜಾಗದಲ್ಲಿ ನಾನು. ಹೆಂಡತಿ ಬಟ್ಟಲು ತಂದು ಬಾಗಿಲ ಸಂದಿಯಿಂದ ಒಳಗೆ ದೂಡುದು. "ಸ್ವಲ್ಪ ನಗು ಮಾರಾಯ್ತಿ" ಅಂತ ನಾನೇ ಅವಳಿಗೆ ಹೇಳಿದೆ. ಅವಳು ನಗಲಿಲ್ಲ. "ನಿನ್ನೆ ಮೂರು ತುತ್ತು ಉಂಡಳು. ಅಪ್ಪ ಎಲ್ಲಿ, ಮೊಬೈಲಿಗೆ ಯಾಕೆ ಬರುದಿಲ್ಲ ಅಂತ ಕೇಳ್ತಾಳೆ" ಅಂದಳು.

ಆಗ ಹೊಳೆದದ್ದು. ಅವಳ ಅಪ್ಪನಿಗೆ ಗಡ್ಡ ಉಂಟು. ಹೊಗೆಕೋಣೆಯ ಗೋಡೆಯಲ್ಲಿ ಬೇಕಾದಷ್ಟು ಮಸಿ ಉಂಟು. ಎರಡೂ ಕೈಯಲ್ಲಿ ಬಳಿದುಕೊಂಡೆ. ಅರ್ಧ ಕತ್ತಲಲ್ಲಿ ಮೊಬೈಲಿನಲ್ಲಿ ನೋಡಿಕೊಂಡರೆ ಪರವಾಗಿಲ್ಲ, ಹಳೇ ಗಡ್ಡಕ್ಕಿಂತ ಚಂದ. ಸಂಜೆ ಕಾಲ್ ಮಾಡಿದೆ.

"ಅಪ್ಪಾ!"

ಆ ಒಂದು ಶಬ್ದಕ್ಕೆ ನಾನು ರಬ್ಬರಿನ ಹಾಗೆ ಕರಗಿಹೋದೆ. ಐವತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಕೂತು ಅವಳು ಪೂರ್ತಿ ಬಟ್ಟಲು ಉಂಡಳು. ಉಣ್ಣುತ್ತಾ ಸುದ್ದಿ ಹೇಳಿದಳು.

"ಅಪ್ಪ, ನಮ್ಮ ಮನೆಗೆ ಒಬ್ಬ ಬಂದಿದ್ದ. ನನ್ನನ್ನು ಬಿಸಾಡಿದ."

"ಹೌದಾ? ಎಂತ ಜನ ಅವ!"

"ನೀನು ಬಾ. ಬಂದು ಅವನಿಗೆ ಹೊಡಿ."

"ಬರ್ತೇನೆ. ಹೊಡಿತೇನೆ."

"ಈಗ ಬಾ."

ಈಗ ಬಾ ಅಂದಳು, ಕೇಳಿದಿರಾ? ಮೂರನೇ ದಿನ ಮುಗಿಲಿಕ್ಕೆ ಅರ್ಧ ದಿನ ಬಾಕಿ ಇತ್ತು. ಸ್ವಲ್ಪ ಬುದ್ಧಿ ಇದ್ದವ ಆದ್ರೆ ಕಾಯ್ತಿದ್ದ. ನಾನು ಹೊಗೆಕೋಣೆಯ ಬಾಗಿಲು ಒದ್ದು, ಕೈಯಲ್ಲಿ ಮೊಬೈಲು ಹಿಡಿದುಕೊಂಡೇ ಅಂಗಳ ದಾಟಿ ಓಡಿದೆ. "ಬಂದೆ ಮಗಾ, ಅಪ್ಪ ಬಂದೆ!"

ಸೆಕೆಗೆ ಮಸಿ ಇಳಿದು ಕುತ್ತಿಗೆಗೆ ಬಂದಿತ್ತು. ಅರ್ಧ ಗಡ್ಡ ಅಂಗಿಯಲ್ಲಿ. ಅವಳು ಮೊಬೈಲು ನೋಡಿದಳು. ಅದರಲ್ಲಿ ಒಂದು ಕಪ್ಪು ಮುಖ ಓಡಿ ಬರ್ತಾ ಉಂಟು. ಬಾಗಿಲು ನೋಡಿದಳು. ಅದೇ ಮುಖ ಒಳಗೆ ಬಂತು.

ಈ ಸಲ ಅವಳು ಬೊಬ್ಬೆ ಹಾಕಲಿಲ್ಲ. ಮೆಲ್ಲ ಮೊಬೈಲನ್ನು ಕವುಚಿ ಹಾಕಿ, ಅದರ ಮೇಲೆ ಬಟ್ಟಲು ಇಟ್ಟಳು. ಮತ್ತೆ ನಡುಗ್ಲಿಕ್ಕೆ ಶುರು. ಜ್ವರ ಬಂತು. ಕಡಬದ ಡಾಕ್ಟರಲ್ಲಿಗೆ ಅಮ್ಮ ಮತ್ತು ಹೆಂಡತಿ ಹೋದರು. ನನಗೆ ಬರ್ಲಿಕ್ಕೆ ಬಿಡಲಿಲ್ಲ. ನಾನು ಬಚ್ಚಲಲ್ಲಿ ಕೂತು ಕೆನ್ನೆ ಉಜ್ಜಿದೆ. ಮಸಿ ಹೋದ ಮೇಲೂ ಉಜ್ಜಿದೆ.

ಜ್ವರ ಎರಡು ದಿನಕ್ಕೆ ಬಿಟ್ಟಿತು. ಆದ್ರೆ ಅವಳು ಮತ್ತೆ ಮೊಬೈಲು ಮುಟ್ಟಲಿಲ್ಲ. ರಿಂಗ್ ಆದ್ರೆ ಕಿವಿ ಮುಚ್ಚುದು. ಬಂದವನನ್ನು ಅವಳು ಮೊದಲೇ ಒಪ್ಪಿರಲಿಲ್ಲ, ಈಗ ಇದ್ದ ಒಬ್ಬ ಅಪ್ಪನನ್ನೂ ನಾನೇ ಕೈಯಾರೆ ತೆಗೆದು ಹಾಕಿದೆ. ಇಷ್ಟು ಅಚ್ಚುಕಟ್ಟಾಗಿ ನಾನು ಒಂದು ಏಸಿಯನ್ನೂ ಹಾಳು ಮಾಡಿದ್ದಿಲ್ಲ.

ಉಳಿದ ದಿನಗಳಲ್ಲಿ ನನಗೆ ಸಿಕ್ಕಿದ್ದು ಮಧ್ಯಾಹ್ನ ಅವಳು ಮಲಗುವ ಒಂದು ಗಂಟೆ. ಹೆಂಡತಿ ಹಿಂದಿನ ಬಾಗಿಲಿಗೆ ಬಂದು, "ಮಲಗಿದ್ದಾಳೆ, ಬನ್ನಿ" ಅಂತ ಕರಿಯುದು, ಆಸ್ಪತ್ರೆಯಲ್ಲಿ ಟೋಕನ್ ಕರೆದ ಹಾಗೆ. ನಾನು ಮಂಚದ ಹತ್ತಿರ ಕೆಳಗೆ ಕೂತು ನೋಡುದು. ಮುಂಗೈಯಲ್ಲಿ ಕಪ್ಪು ನೂಲು. ಹಿಮ್ಮಡಿ ಒಂದು ಹೊದಿಕೆಯಿಂದ ಹೊರಗೆ ಇರ್ತಿತ್ತು. ಅದನ್ನು ಒಂದು ಬೆರಳಲ್ಲಿ ಮುಟ್ಟುದು. ಎತ್ತಿಕೊಳ್ಳಬೇಕು ಅಂತ ಬಂದವನಿಗೆ ಒಂದು ಹಿಮ್ಮಡಿ. ಒಮ್ಮೆ ಅವಳು ಕಣ್ಣು ತೆರೆದಳು ಅಂತ ಅನಿಸಿ ನಾನು ಮಂಚದಡಿಗೆ ಉರುಳಿದೆ. ಮತ್ತೆ ಅವಳು ಎದ್ದು ಆಡಿ ಹೊರಗೆ ಹೋಗುವವರೆಗೆ, ಒಂದು ಒಡೆದ ಬಕೆಟು ಮತ್ತು ಎರಡು ತೆಂಗಿನಕಾಯಿಗಳ ಜೊತೆ ಅಲ್ಲೇ ಉಸಿರು ಹಿಡಿದುಕೊಂಡಿದ್ದೆ. ಅವಳ ಎರಡು ಪಾದ ನನ್ನ ಮೂಗಿನ ಹತ್ತಿರ ಆಚೆ ಈಚೆ ಹೋಗುತ್ತಾ ಇದ್ದವು. ನಿಜ ಹೇಳ್ತೇನೆ, ಇಡೀ ರಜೆಯಲ್ಲಿ ಅಷ್ಟು ಹೊತ್ತು ನಾನು ಅವಳ ಜೊತೆ ಇದ್ದದ್ದು ಅದೊಂದೇ ಸಲ.

"ಇನ್ನೊಂದು ತಿಂಗಳು ರಜೆ ಕೇಳಿ ನೋಡಿ" ಅಂದಳು ಹೆಂಡತಿ.

ಕೇಳಿದೆ. ಬರದಿದ್ರೆ ಇನ್ನು ಬರುದೇ ಬೇಡ ಅಂತ ಉತ್ತರ ಬಂತು.

ಹೊರಡುವ ದಿನ ಬೆಳಿಗ್ಗೆ ಕಾರು ಅಂಗಳಕ್ಕೆ ಬಂತು. ಸೂಟ್‌ಕೇಸು ಡಿಕ್ಕಿಗೆ ಹೋದದ್ದನ್ನು ಮಗಳು ಜಗಲಿಯ ಕಂಬದ ಹಿಂದಿನಿಂದ ನೋಡಿದಳು. ನಾನು ಅಮ್ಮನ ಕಾಲು ಹಿಡಿದೆ, ಹೆಂಡತಿಯ ಕೈ ಹಿಡಿದೆ, ದೂರದಿಂದ ಮಗಳಿಗೆ ಕೈ ಬೀಸಿ, ಬೇಗ ಬೇಗ ಕಾರು ಹತ್ತಿ ಬಾಗಿಲು ಹಾಕಿಕೊಂಡೆ. ಬಾಗಿಲು ಹಾಕಿದ ಶಬ್ದ ಕೇಳಿದ ಕೂಡಲೇ ಅವಳು ಕಂಬ ಬಿಟ್ಟು ಮೆಟ್ಟಿಲವರೆಗೆ ಬಂದಳು.

"ಅಜ್ಜೀ, ಹೋಗುದಾ ಅವ?"

"ಹೂಂ ಮಗಾ. ಟಾಟಾ ಮಾಡು."

ಮಾಡಿದಳು ಮಾರಾಯ್ರೆ. ಒಂದು ಕೈಯಲ್ಲಲ್ಲ, ಎರಡೂ ಕೈಯಲ್ಲಿ. ಹಾರಿ ಹಾರಿ. ಬಾಯಿ ತುಂಬಾ ನಗು, ಮೇಲಿನ ಹಲ್ಲಿನ ಮಧ್ಯ ಸಂದಿ ಉಂಟೆಂದು ಆಗ ಗೊತ್ತಾಯಿತು. ನನ್ನನ್ನು ಅಷ್ಟು ಖುಷಿಯಿಂದ ಯಾರೂ ಕಳಿಸಿಕೊಟ್ಟದ್ದಿಲ್ಲ. ಮೆಟ್ಟಿಲು ಇಳಿದಳು. ಅಂಗಳಕ್ಕೆ ಬಂದಳು. ಕಾರಿಗೆ ಹತ್ತು ಹೆಜ್ಜೆ, ಎಂಟು ಹೆಜ್ಜೆ. ನನ್ನ ಕೈ ಬಾಗಿಲ ಹಿಡಿಗೆ ಹೋಯಿತು.

ಹೆಂಡತಿ ಕಿಟಕಿಯ ಹತ್ತಿರ ಬಗ್ಗಿದಳು. ಕಣ್ಣು ತುಂಬಿತ್ತು. "ಇಳಿಬೇಡಿ" ಅಂದಳು. "ಇಳಿದ್ರೆ ಪುನಃ ಅಳ್ತಾಳೆ."

ಇಳಿಯಲಿಲ್ಲ.